ಒಂದು ಫೋನು, ಮೂರು ಮಕ್ಕಳು

ಶಾಲೆಗಳಿಗೆ ಆನ್‌ಲೈನ್ ಕಲಿಕೆಯ ಸಾಫ್ಟ್‌ವೇರ್ ಮಾಡೋದು ನನ್ನ ಕೆಲಸ. ಮೊದಲ ಡಿಸೈನಿನಲ್ಲಿ, ಸಂಜೆ ಐದರೊಳಗೆ ಲಾಗಿನ್ ಆಗದ ಮಗುವಿನ ಹೆಸರು ಕೆಂಪಾಗ್ತಿತ್ತು.

ಯಲಬುರ್ಗಾದ ಅಕ್ಕನಿಗೆ ತೋರಿಸಿದೆ. “ತಮ್ಮಾ, ಇರೋದು ಒಂದ ಫೋನು. ಅದು ನಿಮ್ಮ ಮಾವನ ಜೋಡಿ ಹೊಲಕ್ಕ ಹೋಗಿರ್ತೈತಿ. ಅದಕ್ಕ ಮೂರೂ ಹುಡುಗ್ರು ಆಬ್ಸೆಂಟ್ ಏನು?”

2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ಟಿವಿಯಲ್ಲಿ ಪಾಠ ಬಂತು. ‘ವಿದ್ಯಾಗಮ’ದಲ್ಲಿ ಮಾಸ್ತರೇ ಮಕ್ಕಳಿದ್ದಲ್ಲಿಗೆ ಹೋದ್ರು. ಎರಡಕ್ಕೂ ಲಾಗಿನ್ ಬೇಕಿರಲಿಲ್ಲ.

ಈಗ ಒಂದೇ ಫೋನಿನಲ್ಲಿ ಮೂರು ಹೆಸರು. ಸಿಗ್ನಲ್ ಸಿಕ್ಕಲ್ಲಿ ಪಾಠ ತಾನೇ ಡೌನ್‌ಲೋಡ್ ಆಗುತ್ತೆ. ರಾತ್ರಿ ನೆಟ್ ಇಲ್ಲದೆಯೂ ತೆರೆಯುತ್ತೆ. ಬರೆದ ಉತ್ತರ ಮರುದಿನ ಸರ್ವರ್ ಸೇರುತ್ತೆ.

ಕೆಂಪು ಬಣ್ಣ ತೆಗೆದೆ. ನೀವೂ ಇಂಥದ್ದು ಕಟ್ಟುತ್ತಿದ್ರೆ ಮೊದಲು ಕೇಳಿ: ಸಂಜೆ ಐದಕ್ಕೆ ಆ ಮನೆಯ ಫೋನು ಎಲ್ಲಿರುತ್ತೆ?