ಸ್ಟ್ರಾಬೆರಿ ಸವಿ, ಬೇರಿನ ಕೊರತೆ

ಅಮೆರಿಕದಲ್ಲಿ ಸಾವಯವ ಮುದ್ರೆ ಹೊತ್ತು ಬರುವ ಸ್ಟ್ರಾಬೆರಿ ಲಿಕೊರಿಸ್ ಮಿಠಾಯಿಯನ್ನು ಬಾಯಿಗೆ ಹಾಕುವ ಮೊದಲು ಬೆರಳಲ್ಲಿ ಬಾಗಿಸಿ ನೋಡಬೇಕು. ತಾಜಾ ಇದ್ದರೆ ಬಳುಕುತ್ತದೆ, ಹಳತಾಗಿದ್ದರೆ ಬಿರುಕು ಬಿಡುತ್ತದೆ. ಆ ಬಳುಕಿಗೆ ಕಾರಣ ಗೋಧಿ ಹಿಟ್ಟು. ಸಕ್ಕರೆ ಪಾಕದಲ್ಲಿ ಅದನ್ನು ಬೇಯಿಸಿ, ಚಕ್ಕುಲಿಯ ಹಾಗೆ ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ನಾನು ತಿಂದದ್ದು ಮೆತ್ತಗಿತ್ತು, ಹಲ್ಲಿಗೆ ಅಂಟಲಿಲ್ಲ. ಬಣ್ಣ ಮಂಕು ಕೆಂಪು, ಅದೇ ನನಗೆ ಹಿಡಿಸಿತು: ರೆಡ್ 40ರಂಥ ಕೃತಕ ಬಣ್ಣಕ್ಕೆ ಸಾವಯವ ನಿಯಮದಲ್ಲಿ ಜಾಗವಿಲ್ಲ, ಕಪ್ಪು ಕ್ಯಾರೆಟ್‌ನಂಥವುಗಳ ರಸವೇ ಆ ಕೆಲಸ ಮಾಡಬೇಕು. ಹಣ್ಣಿನ ಹುಳಿ ಮೊದಲು ಬಂತು, ಸಿಹಿ ಆಮೇಲೆ. ಈ ಕ್ರಮ ಸರಿ. ಆದರೆ ಲಿಕೊರಿಸ್ ಎಂಬ ಹೆಸರಿಗೆ ಕಾರಣವಾದ ಅತಿಮಧುರದ ಬೇರಿನ ಸುಳಿವೇ ಇಲ್ಲ! ಕೆಂಪು ಲಿಕೊರಿಸ್‌ಗಳಲ್ಲಿ ಹೆಚ್ಚಿನವಕ್ಕೆ ಅತಿಮಧುರದ ಸತ್ವವನ್ನು ಹಾಕುವುದೇ ಇಲ್ಲ. ಗಂಟಲು ಕೆಟ್ಟಾಗ ಅದೇ ಬೇರಿನ, ಅಂದರೆ ಜ್ಯೇಷ್ಠಮಧುವಿನ, ಕಡ್ಡಿ ಜಗಿದವರಿಗೆ ಆ ಸಿಹಿ ನಾಲಗೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆಂದು ಗೊತ್ತು. ಅದರಲ್ಲಿರುವ ಗ್ಲಿಸಿರೈಸಿನ್ ಸಕ್ಕರೆಗಿಂತ 30ಕ್ಕೂ ಹೆಚ್ಚು ಪಟ್ಟು ಸಿಹಿ. ಅದೇ ಅತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಒತ್ತಡ ಏರುತ್ತದೆ, ಹಾಗಾಗಿ ಬಿಪಿ ಇರುವವರಿಗೆ ಬೇರಿಲ್ಲದಿರುವುದೇ ಕ್ಷೇಮ. ಆದರೂ ಹಣ್ಣಿನ ಮಿಠಾಯಿ ಎಂದು ಇದಕ್ಕೆ ಪೂರ್ತಿ ಅಂಕ ಕೊಡುವ ನಾನು ಲಿಕೊರಿಸ್ ಎಂದು ಅರ್ಧ ಮಾತ್ರ ಕೊಡುತ್ತೇನೆ. ಮುದ್ರೆ ಹೇಳುವುದು ಪದಾರ್ಥಗಳಲ್ಲಿ ಕನಿಷ್ಠ ಶೇ 95 ಸಾವಯವ ಎಂದಷ್ಟೇ, ಸಕ್ಕರೆ ಕಡಿಮೆ ಎಂದಲ್ಲ. ಮಕ್ಕಳಿಗೆ ಒಂದೆರಡು ತುಂಡು ಸಾಕು. ಗೋಧಿ ಒಗ್ಗದವರಿಗೆ ಅದೂ ಬೇಡ.