ಊರಿನ ಆರೋಗ್ಯಕ್ಕೆ ಊರೇ ಹೊಣೆ

ಆರೋಗ್ಯವೆಂದೊಡನೆ ನಮ್ಮ ಜನರಿಗೆ ನೆನಪಾಗುವದು ದವಾಖಾನೆ; ದವಾಖಾನೆಯೆಂದೊಡನೆ ಸರಕಾರ; ಸರಕಾರವೆಂದೊಡನೆ ದೂರದ ಬೆಂಗಳೂರು. ಕುಡಿಯುವ ನೀರು ಕೆಟ್ಟರೆ ಸರಕಾರ ನೋಡಲಿ, ಚರಂಡಿ ತುಂಬಿದರೆ ಸರಕಾರ ತೆಗೆಯಲಿ ಎಂದು ಕೈಕಟ್ಟಿ ಕುಳಿತ ಊರಿಗೆ ಎಷ್ಟು ವೈದ್ಯರನ್ನು ಕೊಟ್ಟರೂ ಸಾಲದು. ಈ ಪರಾವಲಂಬನೆಯೇ ನಮ್ಮ ಹಳ್ಳಿಗಳ ರೋಗಗಳಲ್ಲೆಲ್ಲ ಮೊದಲಿನದೆಂದು ನಾವು ತಿಳಿಯುತ್ತೇವೆ.

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯ ಮೇಲಿನ ಕಡಗಂಚಿಯ ಹೆಸರನ್ನು ಇಂದು ನಾಡೆಲ್ಲ ಬಲ್ಲದು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಅಲ್ಲಿ ನೆಲೆಸಿದೆ. ಆದರೆ ಆ ವಿದ್ಯಾಮಂದಿರವನ್ನು ಹೊತ್ತ ಆಳಂದ ತಾಲೂಕನ್ನೂ ಅದರ ಸೀಮೆಯ ಅಫಜಲಪುರ, ಜೇವರ್ಗಿ ತಾಲೂಕುಗಳನ್ನೂ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ವರದಿಯಲ್ಲಿ ಅತ್ಯಂತ ಹಿಂದುಳಿದ 39 ತಾಲೂಕುಗಳ ಸಾಲಿನಲ್ಲಿ ಎಣಿಸಿತು. 1948ರ ಸೆಪ್ಟೆಂಬರ 17ರಂದು ಈ ಭಾಗವು ನಿಜಾಮನ ಆಳಿಕೆಯಿಂದ ಬಿಡುಗಡೆ ಹೊಂದಿತು. 1956ರ ನವೆಂಬರ 1ರಂದು ಉಳಿದ ಕನ್ನಡ ನಾಡಿನೊಡನೆ ಒಂದಾಯಿತು. 2012ರ ತಿದ್ದುಪಡಿಯಿಂದ ಸಂವಿಧಾನದ 371 ಜೆ ವಿಧಿಯ ಆಸರೆಯನ್ನೂ ಪಡೆಯಿತು. ಇವೆಲ್ಲ ಸಂತೋಷದ ಸಂಗತಿಗಳೇ ಸರಿ. ಆದರೆ ಭೂಪಟವು ಒಂದಾದ ಮಾತ್ರಕ್ಕೆ ಬಾಣಂತಿಯ ಮೈಯಲ್ಲಿ ರಕ್ತ ತುಂಬಲಾರದು. ಏಕೀಕರಣದ ಫಲವು ಹಳ್ಳಿಯ ನೀರಿನ ಕೊಡದವರೆಗೆ ಬರಬೇಕು.

ಈ ಮೂರು ತಾಲೂಕುಗಳನ್ನು ಒಂದುಗೂಡಿಸಿದ್ದು ಕಚೇರಿಯ ಕಾಗದವಲ್ಲ, ನೀರು. ಆಳಂದ ತಾಲೂಕಿನಲ್ಲಿ ಹರಿಯುವ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲಿ ಯಾತ್ರಿಕರು ಮೀಯುತ್ತಾರೆ. ಅದೇ ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಇಳಿಯುತ್ತದೆ. ಮೇಲಿನ ಊರಿನವರು ಹೊಳೆಗೆ ಬಿಟ್ಟ ಹೊಲಸು ಕೆಳಗಿನ ಊರಿನವರ ಹೊಟ್ಟೆಗೆ ಹೋಗುವದು. ಹೀಗಿರಲು ಆರೋಗ್ಯವು ಒಬ್ಬೊಬ್ಬರ ಮನೆಯ ಮಾತೆಂದು ಹೇಳುವವರು ಯಾರು?

ಇನ್ನು ಕಾಯದೆಯ ಮಾತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದು ಸೇರಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳೊಳಗೆ, ಕುಡಿಯುವ ನೀರು ಉಂಟು. ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇವೂ ಉಂಟು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಊರೂರಿಗೆ ಒಂದು ಆರೋಗ್ಯ ಸಮಿತಿಯನ್ನು ಕಲ್ಪಿಸಿ, ಅದರ ಕೈಗೆ ವರ್ಷಕ್ಕೆ 10,000 ರೂಪಾಯಿಗಳವರೆಗಿನ ಮುಕ್ತ ನಿಧಿಯನ್ನು ಗೊತ್ತುಪಡಿಸಿತು. ಮೊತ್ತವು ಅಲ್ಪವೆಂಬದು ನಿಜ. ಆದರೆ ತಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ವರ್ಷದ ಹಣವು ಯಾವ ಕೆಲಸಕ್ಕೆ ಹೋಯಿತು ಎಂಬದನ್ನು ಬಲ್ಲವರು ಎಷ್ಟು ಮಂದಿ? ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯುಂಟು. ಇಲ್ಲಿ ಭಕ್ತನು ಗುಡಿಯ ಬಾಗಿಲನ್ನೇ ತಟ್ಟಿಲ್ಲ!

ಊರು ಮನಸ್ಸು ಮಾಡಿದರೆ ಏನಾಗುವದೆಂಬದಕ್ಕೆ ನಾರುಹುಣ್ಣಿನ ಕಥೆಯೇ ಸಾಕ್ಷಿ. ಮೆಟ್ಟಿಲು ಬಾವಿಗಳಲ್ಲಿ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ ಈ ಹುಳದ ಬಾಧೆಯು ಕರ್ನಾಟಕವನ್ನೂ ಒಳಗೊಂಡು ಅನೇಕ ಪ್ರಾಂತಗಳನ್ನು ಕಾಡುತ್ತಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಹುಣ್ಣಿದ್ದವರು ಬಾವಿಗೆ ಇಳಿಯದಂತೆ ತಡೆದು, ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿ, ರೋಗಿಗಳನ್ನು ಊರೂರಲ್ಲಿ ಹುಡುಕಿ ಅದನ್ನು ಓಡಿಸಲಾಯಿತು. 1996ರ ನಂತರ ಭಾರತದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ. 2000ದಲ್ಲಿ ದೇಶವು ಅದರಿಂದ ಮುಕ್ತವೆಂದು ಘೋಷಿತವಾಯಿತು. ಗೆದ್ದದ್ದು ಔಷಧವಲ್ಲ, ಎಚ್ಚರ.

ಹಾಗೆಂದು ಸರಕಾರವನ್ನು ಹೊಣೆಯಿಂದ ಬಿಡಿಸುವದು ನಮ್ಮ ಉದ್ದೇಶವಲ್ಲ. 2020ರ ಮಾರ್ಚ 10ರಂದು ಕಲಬುರಗಿಯ ವೃದ್ಧರೊಬ್ಬರು ಹೈದರಾಬಾದಿನಿಂದ ಮರಳುವ ದಾರಿಯಲ್ಲಿ ತೀರಿಕೊಂಡರು. ಕೊರೋನಾದಿಂದ ಭಾರತದಲ್ಲಾದ ಮೊದಲನೆಯ ಸಾವು ಅದೆಂಬದು ಪ್ರಕಟವಾದದ್ದು 12ರಂದು. ಆ ರೋಗವನ್ನು ಪರೀಕ್ಷಿಸುವ ಪ್ರಯೋಗಾಲಯವು ಆಗ ಕಲಬುರಗಿಯಲ್ಲಿರಲಿಲ್ಲ. ಅದು ಬಂದದ್ದು ತರುವಾಯ. ಬೆಂಕಿ ಬಿದ್ದಾಗ ಬಾವಿ ತೋಡುವ ಈ ಪದ್ಧತಿಯು ನಿಲ್ಲಬೇಕು. ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬದು ಸರಕಾರವೇ ಒಪ್ಪಿದ ಅಳತೆ. ಆ ಅಳತೆಯಂತೆ ಕಟ್ಟಡ, ವೈದ್ಯ, ದಾದಿ, ಔಷಧಗಳನ್ನು ಕೇಳುವದು ಭಿಕ್ಷೆಯಲ್ಲ, ಹಕ್ಕು.

ಆದುದರಿಂದ ಕಡಗಂಚಿಯ ಮತ್ತು ಈ ಮೂರೂ ತಾಲೂಕುಗಳ ಬಾಂಧವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂಬದು ಕಾಯದೆ. ಮುಂದಿನ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ನಮ್ಮ ನೀರನ್ನು ಯಾವಾಗ ಪರೀಕ್ಷಿಸಿದಿರಿ? ಆರೋಗ್ಯ ಸಮಿತಿಯ ಹಣದ ಲೆಕ್ಕವೆಲ್ಲಿ? ಉಪಕೇಂದ್ರದ ಬಾಗಿಲು ಯಾವ ಯಾವ ದಿನ ತೆರೆಯುವದು? ಊರ ಹೊಲಸು ಎಲ್ಲಿಗೆ ಹೋಗುವದು? ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿರಿ. ಬರೆಯದ ಉತ್ತರಕ್ಕೆ ಬೆಲೆಯಿಲ್ಲ. ನೀರು ಹೊರುವ ತಾಯಂದಿರು ಸಭೆಯ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ವಿಶ್ವವಿದ್ಯಾಲಯದ ತರುಣರು ಲೆಕ್ಕ ಓದಿ ಹೇಳಲು ಬರಲಿ. ಕೇಳುವ ಊರಿಗೆ ಅಧಿಕಾರಿಯು ಅಂಜುವನು. ಕೇಳದ ಊರಿಗೆ ರೋಗವೂ ಅಂಜದು.