ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ

2025ರ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ಸಿಂಗಸಂದ್ರಕ್ಕೆ ಮೆಟ್ರೊ ರೈಲು ಬಂದಿತು. ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೊರಟವರಿಗೆ ಬೊಮ್ಮನಹಳ್ಳಿಯನ್ನು ದಾಟಿದ ಮೇಲೆ, ಎಲೆಕ್ಟ್ರಾನಿಕ್ ಸಿಟಿ ಇನ್ನೂ ಬಾರದಿರುವಾಗ ಸಿಕ್ಕುವ ಊರು ಅದು. ಹಿಂದೆ ಬೇಗೂರಿನ ನೆರೆಯ ಒಂದು ಹಳ್ಳಿಯಾಗಿದ್ದುದು ಈಗ ಕಾರ್ಖಾನೆ, ವಠಾರ, ಗಗನಚುಂಬಿ ವಸತಿಗಳ ನಡುವೆ ತನ್ನ ಹೆಸರನ್ನು ಮಾತ್ರ ಉಳಿಸಿಕೊಂಡಿದೆ. ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದ 16 ನಿಲ್ದಾಣಗಳಲ್ಲಿ ಒಂದಕ್ಕೆ ಆ ಹೆಸರು ಸಂದುದು ಊರಿನ ಹಿರಿಯರಿಗೆ ಸಂತೋಷದ ಸಂಗತಿಯೇ ಸರಿ.

ಅದೇ ದಿನಗಳಲ್ಲಿ ಇಂಡೊನೇಷ್ಯದ ಸುರಬಾಯ ಪಟ್ಟಣದಲ್ಲಿ 24 ದೇಶಗಳ ಹೆಣ್ಣುಮಕ್ಕಳು ವಾಲಿಬಾಲ್ ಆಡುತ್ತಿದ್ದರು. ಅದು 21 ವರ್ಷ ತುಂಬದ ಯುವತಿಯರ ವಿಶ್ವ ಚಾಂಪಿಯನ್‌ಷಿಪ್. ಇಟಲಿ ಗೆದ್ದಿತು, ಜಪಾನು ಎರಡನೆಯ ಸ್ಥಾನಕ್ಕೆ ನಿಂತಿತು. ಮೆಟ್ರೊ ವಿಚಾರವನ್ನು ಬೆಂಗಳೂರಿನ ಪ್ರತಿಯೊಂದು ಮನೆಯೂ ಬಲ್ಲದು. ಸುರಬಾಯದ ವಿಚಾರ ಬಲ್ಲ ಮನೆಗಳನ್ನು ಬೆರಳ ಮೇಲೆ ಎಣಿಸಬಹುದು. ಭಾರತದ ತಂಡ ಅಲ್ಲಿರಲಿಲ್ಲವಾದುದರಿಂದ ಇದು ಸಹಜವೆನ್ನೋಣ. ಆದರೆ ಏಕೆ ಇರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟವರು ಕಡೆಗೆ ಸಿಂಗಸಂದ್ರದಂಥ ಊರಿಗೇ ಬಂದು ನಿಲ್ಲಬೇಕಾಗುತ್ತದೆ.

ಕಿರಿಯ ಮಹಿಳೆಯರ ಈ ಕೂಟ ಮೊದಲು ನಡೆದದ್ದು 1977ರಲ್ಲಿ, ಬ್ರೆಜಿಲ್ ದೇಶದಲ್ಲಿ. ಗೆದ್ದವರು ದಕ್ಷಿಣ ಕೊರಿಯದ ಹುಡುಗಿಯರು. ನಾಲ್ಕು ವರ್ಷಗಳ ಅನಂತರ ಮೆಕ್ಸಿಕೋದಲ್ಲಿಯೂ ಅವರೇ ಗೆದ್ದರು. ಹಿರಿಯರ ಕೂಟ ಇರುವಾಗ ಕಿರಿಯರಿಗೆ ಬೇರೊಂದು ಏಕೆ ಎಂದು ಕೇಳುವವರುಂಟು. ಬ್ರೆಜಿಲ್ಲಿನ ಲೆಕ್ಕವನ್ನು ನೋಡಿದರೆ ಸಾಕು. ಆ ದೇಶದ ಕಿರಿಯರು 2001, 2003, 2005, 2007, ಹೀಗೆ ನಾಲ್ಕು ಸಲ ಎಡೆಬಿಡದೆ ಗೆದ್ದರು. ಅದರ ಬೆನ್ನಿಗೇ 2008ರಲ್ಲಿ ಬೀಜಿಂಗಿನಲ್ಲಿ, 2012ರಲ್ಲಿ ಲಂಡನ್ನಿನಲ್ಲಿ ಅಲ್ಲಿನ ಹಿರಿಯ ಮಹಿಳೆಯರಿಗೆ ಒಲಿಂಪಿಕ್ ಸ್ವರ್ಣ. ಇಟಲಿಯದೂ ಇದೇ ಕಥೆ. 2021ರಲ್ಲಿ ಅವರ ಕಿರಿಯರು ವಿಶ್ವವಿಜೇತರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಹಿರಿಯರಿಗೆ ಚಿನ್ನ. 2025ರ ಆಗಸ್ಟಿನಲ್ಲಿ ಕಿರಿಯರು, ಸೆಪ್ಟೆಂಬರಿನಲ್ಲಿ ಹಿರಿಯರು, ಇಬ್ಬರೂ ಒಂದೇ ತಿಂಗಳ ಅಂತರದಲ್ಲಿ ಜಗತ್ತನ್ನು ಗೆದ್ದರು. ಬಿತ್ತನೆಯ ಹೊಲವೊಂದು, ಕೊಯ್ಲಿನ ಹೊಲವೊಂದು ಇರುವುದಿಲ್ಲವಷ್ಟೆ.

ಭಾರತದ ಹೆಣ್ಣುಮಕ್ಕಳಿಗೆ ಈ ಆಟ ಹೊಸದೇನಲ್ಲ. 1952ರಲ್ಲಿ ಮಾಸ್ಕೋದಲ್ಲಿ ಮಹಿಳೆಯರ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಬಂದ ತಂಡಗಳು ಎಂಟೇ ಎಂಟು. ಆ ಎಂಟರಲ್ಲಿ ಒಂದು ಭಾರತ. ಜಪಾನು ಇರಲಿಲ್ಲ, ಚೀನ ಇರಲಿಲ್ಲ, ಬ್ರೆಜಿಲ್ಲೂ ಇರಲಿಲ್ಲ. ಭಾರತಕ್ಕೆ ದೊರೆತದ್ದು ಎಂಟನೆಯ ಸ್ಥಾನವಾದರೂ, ದೇಶದ ವಾಲಿಬಾಲ್ ಫೆಡರೇಷನ್ ಹುಟ್ಟಿದ್ದು 1951ರಲ್ಲಿ ಎಂಬುದನ್ನು ನೆನೆದರೆ ಒಂದೇ ವರ್ಷದಲ್ಲಿ ಮಾಸ್ಕೋವರೆಗೆ ಹೋದ ಆ ಹೆಂಗಸರ ಧೈರ್ಯ ದೊಡ್ಡದು. ಮುಂದೆ ನಡೆದದ್ದು ಬೇರೆ. 2016ರ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಬಂದಿತು, ನಿಜ. ಆದರೆ ನೆರೆಹೊರೆಯ ಗೆಲುವೇ ಬೇರೆ, ಜಗತ್ತಿನ ಗೆಲುವೇ ಬೇರೆ.

ವಾಲಿಬಾಲಿನಷ್ಟು ಅಗ್ಗದ ಆಟ ಇನ್ನೊಂದಿಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಎಂಬಾತ ಇದನ್ನು ಹೂಡಿದ್ದು, ಬಾಸ್ಕೆಟ್‌ಬಾಲಿನ ಓಟಕ್ಕೆ ಮೈ ಒಗ್ಗದ ನಡುವಯಸ್ಸಿನವರಿಗಾಗಿ! ಅದೇ ಸಂಸ್ಥೆಯವರು ಆಟವನ್ನು ಮದ್ರಾಸಿಗೆ ತಂದರು. ಅಲ್ಲಿಂದ ಅದು ದಕ್ಷಿಣದ ಹಳ್ಳಿಗಳಿಗೆ ಇಳಿಯಿತು. ಎರಡು ಕಂಬ, ಒಂದು ನೆಟ್ಟು, ಒಂದು ಚೆಂಡು, ಗೆರೆ ಎಳೆಯಲು ಒಂದಿಷ್ಟು ಸುಣ್ಣ. ಕರ್ನಾಟಕದ ಯಾವ ಜಿಲ್ಲೆಯಲ್ಲಿಯೇ ಆಗಲಿ, ಸಂಜೆಯ ಹೊತ್ತಿಗೆ ಶಾಲೆಯ ಬಯಲಿನಲ್ಲಿ ಪಂಚೆ ಎತ್ತಿ ಕಟ್ಟಿದವರೂ ಪ್ಯಾಂಟು ಮಡಿಸಿದವರೂ ಕೂಡಿ ಚೆಂಡು ಬಡಿಯುವ ಸದ್ದು ಕೇಳಿಬರುತ್ತದೆ. ಗಂಡಸರ ಸದ್ದು ಅದು. ಹೆಣ್ಣುಮಕ್ಕಳಿಗೆ ಈ ನಾಡು ಬೇರೊಂದು ಆಟವನ್ನು ಕೊಟ್ಟಿದೆ. ಅದೇ ಥ್ರೋಬಾಲ್.

ಥ್ರೋಬಾಲನ್ನು ಆಡದೆ ಕನ್ನಡ ನಾಡಿನ ಪ್ರೌಢಶಾಲೆಯನ್ನು ದಾಟಿ ಬಂದ ಹೆಂಗಸು ಅಪರೂಪ. ಅಮ್ಮಂದಿರನ್ನು ಕೇಳಿದರೆ ಅವರೇ ಹೇಳಿಯಾರು. ಚೆಂಡನ್ನು ಹಿಡಿಯಬೇಕು, ಎಸೆಯಬೇಕು, ಬಡಿಯುವಂತಿಲ್ಲ. ಅದು ಸೊಗಸಾದ ಆಟವೇ. ಅದನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಒಲಿಂಪಿಕ್ಸಿನ ದಾರಿ ಅದಕ್ಕಿಲ್ಲ. ಅದಕ್ಕಿಂತ ಮಿಗಿಲಾದ ತೊಡಕೆಂದರೆ, ಹನ್ನೆರಡನೆಯ ವಯಸ್ಸಿನಿಂದ ಚೆಂಡನ್ನು ಹಿಡಿದು ಅಭ್ಯಾಸವಾದ ಕೈ, ವಾಲಿಬಾಲಿಗೆ ಬಂದಾಗ ಹಿಡಿಯಲೆಂದೇ ಮುಂದಾಗುತ್ತದೆ. ವಾಲಿಬಾಲಿನಲ್ಲಿ ಹಿಡಿಯುವುದೇ ತಪ್ಪು. ಮುಂಗೈಗಳನ್ನು ಜೋಡಿಸಿ ಚೆಂಡನ್ನು ಎತ್ತುವುದು, ಬೆರಳ ತುದಿಯಿಂದ ಅದನ್ನು ನೆಟ್ಟಿನ ಬಳಿಗೆ ತೇಲಿಸುವುದು, ಹಾರಿ ಬಡಿಯುವುದು, ಈ ಮೂರೂ ಎಳೆಯ ಮೈಗೆ ಬರುವಂತೆ ಬಲಿತ ಮೈಗೆ ಬರುವುದಿಲ್ಲ. ತಮಾಷೆಯೆಂದರೆ ಥ್ರೋಬಾಲಿನ ಅಂಕಣ ವಾಲಿಬಾಲಿನದಕ್ಕಿಂತ ಅಗಲವಾಗಿಯೇ ಇದೆ. ನೆಟ್ಟಿನ ಎತ್ತರ ಅಲ್ಲಿ 2.20 ಮೀಟರು, ಮಹಿಳೆಯರ ವಾಲಿಬಾಲಿನಲ್ಲಿ 2.24. ಡ್ರಿಲ್ ಮೇಷ್ಟರು ಹಗ್ಗವನ್ನು ನಾಲ್ಕು ಸೆಂಟಿಮೀಟರು ಮೇಲಕ್ಕೆ ಬಿಗಿದರೆ ಆಟ ಬೇರೆಯಾಗುತ್ತದೆ.

ಹೇಗೋ ಆಟ ಕಲಿತ ಹುಡುಗಿಗೂ ಹದಿನೈದಕ್ಕೆ ತಡೆ ಬೀಳುತ್ತದೆ. ಮಧ್ಯಮ ವರ್ಗದ ಮನೆಯಲ್ಲಿ ಎಸ್.ಎಸ್.ಎಲ್.ಸಿ. ವರ್ಷ ಬಂತೆಂದರೆ ಬೂಟುಗಳು ಅಟ್ಟ ಸೇರುತ್ತವೆ; ಪಿ.ಯು.ಸಿ.ಯಲ್ಲಿ ಸಿ.ಇ.ಟಿ.; ಆಮೇಲೆ ಎಂಜಿನಿಯರಿಂಗ್. "ಆಟವೇನೋ ಸರಿ, ಮುಂದೇನು ಮಾಡುತ್ತಾಳೆ?" ಎಂದು ಅಜ್ಜಿಯೂ ಕೇಳುತ್ತಾರೆ, ಅಪ್ಪನೂ ಕೇಳುತ್ತಾರೆ. ಬಡವರ ಮನೆಯಲ್ಲಿ ಇಷ್ಟು ಮಾತಿಗೂ ಬಿಡುವಿಲ್ಲ. ಹದಿನೆಂಟು ತುಂಬಿದ ಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಸುರಬಾಯದಲ್ಲಿ ಆಡಿದ ಹುಡುಗಿಯರ ಆಟ ಗಟ್ಟಿಯಾದದ್ದು ಸರಿಯಾಗಿ ಈ ವರ್ಷಗಳಲ್ಲಿ, ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ. ಹೊಸೂರು ರಸ್ತೆಯಲ್ಲಿ ಅದೇ ವರ್ಷಗಳನ್ನು ಎರಡು ಬಗೆಯ ಮನೆಗಳೂ ಎರಡು ಬಗೆಯಲ್ಲಿ ಕಳೆಯುತ್ತವೆ.

ಬೆಳಗಿನ ಹೊತ್ತು ಸಿಂಗಸಂದ್ರ, ಕೂಡ್ಲು ಗೇಟು, ಹೊಂಗಸಂದ್ರ, ಬೊಮ್ಮನಹಳ್ಳಿಗಳ ಉದ್ದಕ್ಕೂ ಊಟದ ಡಬ್ಬಿ ಹಿಡಿದು ಸಾಲಾಗಿ ನಡೆಯುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಅವರ ಸಂಖ್ಯೆಯನ್ನು ಹೇಳಬೇಕಾದುದಿಲ್ಲ. ಮಂಡ್ಯ, ತುಮಕೂರು, ರಾಯಚೂರಿನ ಕಡೆಯವರು. ಒಡಿಶಾ, ಜಾರ್ಖಂಡಿನಿಂದ ಬಂದು ಹಾಸ್ಟೆಲುಗಳಲ್ಲಿರುವವರು. ಹೊಲಿಗೆಯ ಯಂತ್ರದ ಮುಂದೆ ಕುಳಿತವಳಿಗೆ ಗಂಟೆಗಿಷ್ಟು ಎಂಬ ಟಾರ್ಗೆಟ್ಟು. ಒಬ್ಬಳು ಕಾಲರು, ಒಬ್ಬಳು ತೋಳು, ಒಬ್ಬಳು ಗುಂಡಿಯ ಕಾಜ. ಒಬ್ಬಳು ತಡವಾದರೆ ಸಾಲೆಲ್ಲ ತಡ. ತಂಡವಾಗಿ ದುಡಿಯುವುದನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವ ನಿಯಮ ಬಿಗಿಯಾದಾಗ, 2016ರ ಏಪ್ರಿಲ್‌ನಲ್ಲಿ ಇವರೇ ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಸರಕಾರ ಆ ನಿಯಮವನ್ನು ಕೈಬಿಟ್ಟಿತು.

ಇಂಥ ಹುಡುಗಿಯರಿಗೂ ವಿಶ್ವಕೂಟಕ್ಕೂ ಏನು ಸಂಬಂಧ ಎಂದು ನಗುವವರು ಜಪಾನಿನ ಒಸಾಕದ ಬಳಿಯ ಕೈಜುಕ ಎಂಬ ಊರನ್ನು ನೆನೆಯಬೇಕು. ಅಲ್ಲಿ ನಿಚಿಬೊ ಎಂಬ ನೂಲಿನ ಗಿರಣಿಯಿತ್ತು. ಗಿರಣಿಯ ಹುಡುಗಿಯರಿಗೊಂದು ವಾಲಿಬಾಲ್ ತಂಡವಿತ್ತು. ಹಗಲು ಗಿರಣಿಯ ಕೆಲಸ, ಸಂಜೆಯಿಂದ ನಡುರಾತ್ರಿಯವರೆಗೆ ಅಭ್ಯಾಸ. ಶಿಕ್ಷಕ ದೈಮಾತ್ಸು ಹಿರೊಬುಮಿ ಯುದ್ಧದಲ್ಲಿ ಬರ್ಮಾದ ಕಡೆ ಹೋಗಿ ಬದುಕಿ ಬಂದವನು. ನೆಲಕ್ಕೆ ಬೀಳುವ ಚೆಂಡಿನೆಡೆಗೆ ಧುಮುಕಿ, ಅದನ್ನೆತ್ತಿ, ಉರುಳಿಕೊಂಡೇ ಎದ್ದು ನಿಲ್ಲುವ ವಿದ್ಯೆಯನ್ನು ಅವನು ಆ ಹುಡುಗಿಯರಿಗೆ ಕಲಿಸಿದ. 1962ರಲ್ಲಿ ಮಾಸ್ಕೋದಲ್ಲಿಯೇ ರಷ್ಯನ್ನರನ್ನು ಮಣಿಸಿ ಜಪಾನು ವಿಶ್ವವಿಜೇತವಾಯಿತು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಾಲಿಬಾಲಿಗೆ ಮೊದಲ ಸಲ ಸ್ಥಾನ ದೊರೆಯಿತು. ಹೆಂಗಸರು ತಂಡವಾಗಿ ಆಡುವ ಆಟವೊಂದು ಒಲಿಂಪಿಕ್ಸನ್ನು ಪ್ರವೇಶಿಸಿದ್ದೂ ಅದೇ ಮೊದಲು. ಬಹುಪಾಲು ಗಿರಣಿಯ ಹುಡುಗಿಯರೇ ಇದ್ದ ಆ ತಂಡ ಅಕ್ಟೋಬರ್ 23ರ ರಾತ್ರಿ 15-11, 15-8, 15-13ರಿಂದ ರಷ್ಯವನ್ನು ಸೋಲಿಸಿತು. ಅಂದು ಜಪಾನಿನ ಬೀದಿಗಳು ಬರಿದಾಗಿದ್ದವು. ಜನವೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತಿತ್ತು.

ತಂಡದ ನಾಯಕಿ ಕಸಾಯ್ ಮಸಾಯೆಗೆ ಆಗ 31 ವರ್ಷ. ಆಟಕ್ಕಾಗಿ ಮದುವೆಯನ್ನು ಮುಂದಕ್ಕೆ ಹಾಕಿದ್ದ ಈಕೆಗೆ ವರ ತೋರಿಸಿದವರು ಜಪಾನಿನ ಪ್ರಧಾನಮಂತ್ರಿಗಳೇ! "ಆಡಿದರೆ ಮದುವೆಗೆ ತೊಡಕು" ಎನ್ನುವ ಹಿರಿಯರಿಗೆ ಈ ಕಥೆಯಿಂದ ಎಷ್ಟು ಸಮಾಧಾನವಾದೀತೋ ತಿಳಿಯದು. ಪ್ರಧಾನಮಂತ್ರಿಗಳು ಎಲ್ಲರ ಮನೆಗೂ ಬಂದಾರೆಯೆ? ದೈಮಾತ್ಸುವಿನ ರೀತಿಯನ್ನು ಹಾಗೆಯೇ ಅನುಸರಿಸಬೇಕೆಂದೂ ಅಲ್ಲ. ಅವನ ಕಠೋರತೆಯನ್ನು ಅಂದಿನ ಜಪಾನೀಯರೇ ಟೀಕಿಸಿದ್ದರು. ಎಂಟು ಗಂಟೆ ದುಡಿದ ಮೈಯನ್ನು ನಡುರಾತ್ರಿಯವರೆಗೆ ನೆಲಕ್ಕೆ ಅಪ್ಪಳಿಸುವುದನ್ನು ಶಿಕ್ಷಣವೆನ್ನಲು ಮನಸ್ಸು ಒಪ್ಪದು. ಆ ಕಥೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಬೇರೆ: ದುಡಿಮೆಗೆಂದು ಬಂದ ಹುಡುಗಿಯ ಆಟವನ್ನು ಒಂದು ಗಿರಣಿ ತನ್ನ ಜವಾಬ್ದಾರಿಯೆಂದು ಎಣಿಸಿತ್ತು.

ವಿಶ್ವಮಟ್ಟದ ವಾಲಿಬಾಲನ್ನು ಬೆಂಗಳೂರು ಕಂಡೇ ಇಲ್ಲವೆಂದಲ್ಲ. 2023ರ ಡಿಸೆಂಬರಿನಲ್ಲಿ ಪುರುಷರ ವಿಶ್ವ ಕ್ಲಬ್ ಚಾಂಪಿಯನ್‌ಷಿಪ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದು, ಇಟಲಿಯ ಪೆರೂಜ ತಂಡ ಗೆದ್ದುಕೊಂಡು ಹೋಯಿತು. ಸಿಂಗಸಂದ್ರದಿಂದ ಅದು ಸುಮಾರು ಹತ್ತು ಕಿಲೋಮೀಟರು. 2009ರಲ್ಲಿ ಪುಣೆಯಲ್ಲಿ ಕಿರಿಯ ಪುರುಷರ ವಿಶ್ವಕೂಟ ನಡೆದಿತ್ತು. ಎರಡೂ ಗಂಡಸರವು. ಹುಡುಗಿಯರ ಅಂತರರಾಷ್ಟ್ರೀಯ ಕೂಟವನ್ನು ನಡೆಸುವ ಶಕ್ತಿ ಈ ನಗರಕ್ಕಿಲ್ಲ ಎನ್ನುವಂತೆಯೂ ಇಲ್ಲ. ಬಾಸ್ಕೆಟ್‌ಬಾಲಿನಲ್ಲಿ 2017ರಲ್ಲಿ 16 ವರ್ಷದೊಳಗಿನವರ, 2018ರಲ್ಲಿ 18 ವರ್ಷದೊಳಗಿನವರ ಏಷ್ಯಾ ಕೂಟಗಳು ಇಲ್ಲಿಯೇ ನಡೆದವು. ಆತಿಥ್ಯದಿಂದ ಏನಾಗುತ್ತದೆಂಬುದಕ್ಕೆ ಥಾಯ್ಲೆಂಡನ್ನು ನೋಡಬಹುದು. ಕಿರಿಯ ಮಹಿಳೆಯರ ವಾಲಿಬಾಲ್ ವಿಶ್ವಕೂಟವನ್ನು ಅದು 1995, 2003, 2007ರಲ್ಲಿ, ಮೂರು ಸಲ ತನ್ನ ಮನೆಗೆ ಕರೆಸಿಕೊಂಡಿತು. ಊರ ಹುಡುಗಿಯರು ಹೊರನಾಡಿನ ತಮ್ಮ ವಯಸ್ಸಿನವರ ಆಟವನ್ನು ಕಣ್ಣಾರೆ ಕಂಡರು. 2009ರಲ್ಲಿ ಥಾಯ್ ಮಹಿಳೆಯರು ಚೀನವನ್ನು ಸೋಲಿಸಿ ಏಷ್ಯಾ ಪ್ರಶಸ್ತಿಯನ್ನು ಪಡೆದರು. ಒಂದಕ್ಕೆ ಇನ್ನೊಂದೇ ಕಾರಣವೆಂದು ಸಾಧಿಸಲಾಗದು. ಸಂಬಂಧವಿಲ್ಲವೆನ್ನುವುದು ಇನ್ನೂ ಕಷ್ಟ.

ವಿಶ್ವಕೂಟ ಬರುವವರೆಗೆ ಸಿಂಗಸಂದ್ರ ಕಾಯಬೇಕಾದುದಿಲ್ಲ. ವಾಲಿಬಾಲಿನ ಅಂಕಣ 18 ಮೀಟರು ಉದ್ದ, 9 ಮೀಟರು ಅಗಲ. ಸುತ್ತ ಮೂರು ಮೀಟರು ಬಿಟ್ಟರೂ 24ಕ್ಕೆ 15. ಕಾರ್ಖಾನೆಗಳಲ್ಲಿ ಬಸ್ಸು ನಿಲ್ಲಿಸುವ ಅಂಗಳ ಇದಕ್ಕಿಂತ ದೊಡ್ಡದು. ಭಾನುವಾರ ಅಲ್ಲಿ ಬಸ್ಸುಗಳೂ ಇರುವುದಿಲ್ಲ. ವಸತಿ ಸಮುಚ್ಚಯಗಳಲ್ಲಿ ಈಜುಕೊಳದ ಪಕ್ಕದಲ್ಲಿ ಇಷ್ಟು ಜಾಗ ಸುಲಭವಾಗಿ ಒದಗುತ್ತದೆ. ಅಲ್ಲಿನ ಹುಡುಗಿಯರೂ ಹಾಸ್ಟೆಲಿನ ಹುಡುಗಿಯರೂ ಒಂದೇ ನೆಟ್ಟಿನ ಎರಡು ಬದಿಗೆ ನಿಲ್ಲುವುದಾದರೆ ಪಂದ್ಯಕ್ಕೆ ಹನ್ನೆರಡು ಜನ ದೊರೆಯದೆ ಹೋಗುವುದಿಲ್ಲ. ಆಟ ಬಲ್ಲ ಒಬ್ಬ ಶಿಕ್ಷಕಿ ಬೇಕು. ವಾರಕ್ಕೆ ಎರಡು ಸಂಜೆ ಓವರ್‌ಟೈಮಿನಿಂದ ಬಿಡುಗಡೆ ಬೇಕು. ಹಾಸ್ಟೆಲಿನ ಬಾಗಿಲು ಆ ಎರಡು ಸಂಜೆ ರಾತ್ರಿ ಎಂಟೂವರೆಯವರೆಗೆ ತೆರೆದಿರಬೇಕು. ವಾರ್ಡನ್ನರನ್ನು ಒಪ್ಪಿಸುವ ಕೆಲಸವೇ ಎಲ್ಲಕ್ಕಿಂತ ಮೊದಲಿನದು.